ಭಾವನ ಜಾಕೆಟ್ಟಿನ ಟೋಲ್ ಟ್ಯಾಗ್

ಆ ಚಳಿಗಾಲದ ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರಿಗಿಂತ ಆಚೆ ಸುಮ್ಮನೆ ತಿರುಗುವಂತಿರಲಿಲ್ಲ. ನಾನು ಡಬ್ಲಿನ್ನಿನಲ್ಲಿ ಅಕ್ಕನ ಮನೆಯ ಚಿಕ್ಕ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತಿದ್ದೆ. ಭಾವ ಐವತ್ತು ಕಿಲೋಮೀಟರ್ ದೂರದ ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಕೋವಿಡ್ ವಾರ್ಡಿಗೆ ಹೋಗುವವರನ್ನು ನೋಡಿ ಹೊಟ್ಟೆ ಉರಿದುಕೊಂಡ ಪ್ರಾಣಿ ನಾನೊಬ್ಬನೇ ಇರಬೇಕು.

ಒಂದು ಭಾನುವಾರ ಭಾವ ಡ್ಯೂಟಿ ಮುಗಿಸಿ ಬಂದು ಮಲಗಿದ್ದರು. ಅವರ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಬೈಕ್ ತೆಗೆದೆ. ಜೇಬಿನಲ್ಲಿ ಪೊಲೀಸರು ಕೇಳಿದರೆ ತೋರಿಸುವ ಆಸ್ಪತ್ರೆಯ ಪತ್ರವಿತ್ತು, ಟೋಲ್ ಟ್ಯಾಗೂ ಇತ್ತು.

ಡ್ರೋಹೆಡಾಗೆ ಮುಂಚೆ ಟೋಲ್ ಬರುತ್ತದೆ. ಕಾರಿನಲ್ಲಾದರೆ ಟ್ಯಾಗ್ ಗಾಜಿಗೆ ಅಂಟಿರುತ್ತದೆ, ಬೈಕಿನವರು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಗೇಟು ಏಳಲಿಲ್ಲ. ಎದೆ ಮುಂದೆ ಮಾಡಿದೆ, ಭುಜ ಎತ್ತಿದೆ, ಊಹೂಂ. ದಪ್ಪ ಗ್ಲೌಸಿನ ಕೈ ಜೇಬಿನೊಳಗೆ ಹೋಗುತ್ತಿಲ್ಲ. ಹಿಂದೆ ಲಾರಿ. ಬೂತಿನಿಂದ ಮಾಸ್ಕ್ ಹಾಕಿದ, ಐವತ್ತು ದಾಟಿದ ಹೆಂಗಸೊಬ್ಬರು ನಗುತ್ತಾ ಹೊರಗೆ ಬಂದರು.

"ಏನ್ ಡಾಕ್ಟ್ರೇ, ಇವತ್ತು ಎದ್ದು ನಿಲ್ಲೋದು ಮರೆತ್ರಾ?" ಎಂದರು, ಅವರ ಇಂಗ್ಲಿಷಿನಲ್ಲಿ.

ಭಾವ ದಿನಾ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಜೇಬನ್ನು ಸೆನ್ಸರಿಗೆ ತೋರಿಸುತ್ತಿದ್ದರಂತೆ. ನನಗೇನು ಗೊತ್ತು? ಅದೇ ಬೈಕು, ಅದೇ ಹೆಲ್ಮೆಟ್ಟು, ಒಳಗೆ ಕಾಣುವುದು ಎರಡು ಕಣ್ಣು. ನಾನು ಡಾಕ್ಟರಲ್ಲ ಎನ್ನಲು ಬಾಯಿ ತೆರೆದವನು ಜೇಬಿನಲ್ಲಿದ್ದ ಭಾವನ ಪತ್ರ ನೆನಪಾಗಿ ಮುಚ್ಚಿಕೊಂಡೆ.

ಅವರು ಎರಡು ಮೀಟರ್ ದೂರದಲ್ಲೇ ನಿಂತರು. ಮೊನ್ನೆ ಗಂಡನನ್ನು ನಿಮ್ಮ ಆಸ್ಪತ್ರೆಗೇ ಸೇರಿಸಿದ್ದೇನೆ ಎಂದು ಹೆಸರು, ವಾರ್ಡು ಹೇಳಿದರು. ಹೋಗಿ ನೋಡಲು ಬಿಡುತ್ತಿಲ್ಲ, ಫೋನಿನಲ್ಲಿ ಮಾತಾಡಲು ಅವರಿಗೆ ಉಸಿರು ಸಾಲುತ್ತಿಲ್ಲ.

"ಒಂದ್ ಮಾತು ಹೇಳ್ತೀರಾ? ನಾಯಿ ಮತ್ತೆ ಊಟ ಮಾಡ್ತಿದೆ, ಅದರ ಚಿಂತೆ ಬಿಡಿ ಅಂತ. ಅವ್ರಿಗೆ ಅದೇ ಕೊರಗು."

"ಹೇಳ್ತೀನಿ, ಎಲ್ಲಾ ಗ್ರ್ಯಾಂಡ್ ಆಗುತ್ತೆ" ಎಂದೆ. ಸರಿಹೋಗುತ್ತೆ ಎನ್ನಲು ಅಲ್ಲಿಯವರು ಹಾಗನ್ನುತ್ತಾರೆ. ಡಾಕ್ಟರ ಗತ್ತಿನಲ್ಲೇ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ಥ್ಯಾಂಕ್ಸ್ ಹೇಳಿ, ಒಳಗೆ ಹೋಗಿ ಗೇಟು ಎತ್ತಿದರು.

ಮತ್ತೆ ಆ ಟೋಲ್ ದಾಟಬಾರದೆಂದು ಸ್ವಲ್ಪ ಮುಂದೆ ಹೆದ್ದಾರಿ ಬಿಟ್ಟು ಹಳೇ ರಸ್ತೆ ಹಿಡಿದು ಮನೆಗೆ ಬಂದೆ. ಭಾವ ಇನ್ನೂ ಮಲಗಿದ್ದರು. ಎಬ್ಬಿಸಬಹುದಿತ್ತು. ಎಬ್ಬಿಸಿದರೆ ಕೇಳದೆ ಬೈಕ್ ಒಯ್ದಿದ್ದನ್ನು ಹೇಳಬೇಕು, ಅಕ್ಕನ ಹತ್ತಿರ ಬೈಸಿಕೊಳ್ಳಬೇಕು. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಅವರ ಪಕ್ಕದಲ್ಲೇ ಕೂತು ಚಪಾತಿ ತಿಂದೆ. ಸೋಮವಾರವೂ ಅವರಿಗೆ ರಜ, ನನ್ನೆದುರಿಗೇ ಓಡಾಡಿಕೊಂಡಿದ್ದರು. ಮಾನಗೆಟ್ಟವನು ನಾನು, ಅವತ್ತೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಹೊರಡುವಾಗ ಹೆದರಿಕೆಯಾಯಿತು. ಟೋಲಿನಲ್ಲಿ ಹೇಗೂ ಗೊತ್ತಾಗುತ್ತದಲ್ಲ. ಬಾಗಿಲಲ್ಲಿ ತಡೆದು ಎಲ್ಲಾ ಒದರಿದೆ. ಭಾವ ಅಲ್ಲೇ ನಿಂತು ವಾರ್ಡಿಗೆ ಫೋನ್ ಮಾಡಿದರು. ಹಿಂದಿನ ಸಂಜೆಯವರೆಗೂ ಆ ಹೆಂಗಸಿನ ಗಂಡನಿಗೆ ಎಚ್ಚರವಿತ್ತಂತೆ. ಆಮೇಲೆ ವೆಂಟಿಲೇಟರಿಗೆ ಹಾಕಿದ್ದಾರೆ.

"ಭಾನುವಾರನೇ ಹೇಳಿದ್ರೆ ಒಂದ್ ಫೋನ್ ಸಾಕಿತ್ತು ಕಣೋ. ನರ್ಸ್ ಹೋಗಿ ಹೇಳೋರು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಕೆಟ್ಟಿನ ಜಿಪ್ ಎಳೆದುಕೊಂಡು ಕೇಳಿದರು: "ಇನ್ ಅರ್ಧ ಗಂಟೇಲಿ ಟೋಲಲ್ಲಿ ಅವ್ರ ಮುಂದೆ ನಿಂತಿರ್ತೀನಿ. ಹೇಳಿದ್ರಾ ಅಂತ ಕೇಳ್ತಾರೆ. ಏನ್ ಹೇಳ್ಲಿ, ನೀನೇ ಹೇಳು."

ನಾನು ಹೆಲ್ಮೆಟ್ಟು ತೆಗೆದು ಅವರ ಕೈಗೆ ಕೊಟ್ಟೆ. ಅವರು ಹೊರಟುಹೋದರು. ಟೋಲಿನಲ್ಲಿ ಏನು ಹೇಳಿದರೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.