ಹಾಡಿಲ್ಲದ ಸ್ನಾನ

ಇಪ್ಪತ್ತಾರು ವರ್ಷದ ಹೆಂಗಸು ಬಚ್ಚಲಲ್ಲಿ ಗಟ್ಟಿಯಾಗಿ ಹಾಡುತ್ತಲೇ ಸ್ನಾನ ಮಾಡಬೇಕಿತ್ತು ಎಂದರೆ ನಿಮಗೆ ನಗು ಬರಬಹುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಂದಿನಿಂದಲೂ ನನಗೆ ಫಿಟ್ಸ್. ಒಳಗೆ ಬಿದ್ದುಬಿಟ್ಟರೆ ಗತಿಯೇನು ಎಂದು ಅಪ್ಪ ಬಾಗಿಲಿನ ಚಿಲಕವನ್ನೇ ಕಿತ್ತುಹಾಕಿದ್ದರು. ಅಮ್ಮ ಹೊರಗೆ ಕಾವಲು. ನನ್ನ ದೇವರನಾಮ ಒಂದು ಗಳಿಗೆ ನಿಂತರೂ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದಳು. ಮಲ್ಲೇಶ್ವರದ ನಮ್ಮ ವಠಾರದಲ್ಲಿ ಪಕ್ಕದ ಮನೆಯ ಅಜ್ಜಿ, "ಏನೇ, ಇವತ್ತು ಎರಡನೇ ಚರಣ ನುಂಗ್ಬಿಟ್ಯಲ್ಲ?" ಎಂದು ಕೆಣಕುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ತಲೆಗೆ ಆಪರೇಷನ್ ಆಯಿತು. ಮದುವೆ, ಕೆಲಸ ಎಂದೆಲ್ಲ ಮನೆಯವರು ಆಸೆ ಹುಟ್ಟಿಸಿದರು. ನಾನು ಒಪ್ಪಿದ್ದು ಆ ಚಿಲಕಕ್ಕೆ. ಹೊಲಿಗೆ ಬಿಚ್ಚುವ ಮೊದಲೇ, ಆಸ್ಪತ್ರೆಯ ಮಂಚದ ಮೇಲೇ ಫಿಟ್ಸ್ ಬಂತು.

"ಹೊಳೇಲಿ ಹುಣಸೇಹಣ್ಣು ತೊಳ್ದಂಗಾಯ್ತಲ್ಲೇ!" ಎಂದು ನೋಡಲು ಬಂದಿದ್ದ ಸೋದರತ್ತೆ ಬಾಯಿ ಬಡಿದುಕೊಂಡರು. "ಇವಳ ಹಣೇಲಿ ಬರ್ದಿರೋದೇ ಇಷ್ಟು."

"ಬರ್ದಿದ್ದನ್ನೆಲ್ಲ ಡಾಕ್ಟ್ರು ಕುಯ್ದು ತೆಗೆದಿದಾರೆ ಅತ್ತೆ, ಹೊಲಿಗೆ ಕಾಣ್ತಿಲ್ವಾ?" ಎಂದೆ.

ಡಾಕ್ಟರಮ್ಮ ಮಾತ್ರ ಅವಸರಪಡಲಿಲ್ಲ. "ಮೊದಲನೇ ವಾರ ಮಿದುಳು ಊದ್ಕೊಂಡಿರತ್ತೆ. ಈಗ ಬಂದಿದ್ದನ್ನ ನೋಡಿ ಫೇಲ್ ಅನ್ನಕ್ಕಾಗಲ್ಲ, ಪಾಸ್ ಅಂತಾನೂ ನಾನು ಹೇಳಲ್ಲ. ಮಾತ್ರೆ ತಪ್ಪಿಸ್ಬೇಡಿ, ನೋಡೋಣ."

"ಚಿಲಕ ಯಾವಾಗ ಹಾಕ್ಕೋಬಹುದು?" ಎಂದು ಕೇಳಿ, ಕಥೆಯೆಲ್ಲ ಹೇಳಿದೆ. ಆಕೆ ನಗಲಿಲ್ಲ. "ಒಂದು ವರ್ಷ ಪೂರ್ತಿ ಬರದೇ ಇರ್ಲಿ. ಆಮೇಲೆ ಧಾರಾಳವಾಗಿ ಹಾಕ್ಕೊಳಿ."

ಮಳೆಗಾಲದಲ್ಲಿ ಮತ್ತೊಮ್ಮೆ ಬಂತು. ವರ್ಷದ ಲೆಕ್ಕ ಮೊದಲಿನಿಂದ ಶುರು. ಇನ್ನು ಆಸೆ ಬಿಡು ಎಂದರು ಎಲ್ಲರೂ. ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಮಾತ್ರೆ ನುಂಗಿದೆ, ಹಾಳು ಹಾಡುಗಳನ್ನೂ ಹಾಡಿದೆ. ಪೂರ್ತಿ ವಾಸಿಯಾಯಿತೆಂದು ಇಂದಿಗೂ ಯಾರೂ ಬರೆದುಕೊಟ್ಟಿಲ್ಲ. ಆದರೆ ಆಮೇಲೆ ಒಂದು ವರ್ಷ ತುಂಬಿತು, ಫಿಟ್ಸ್ ಬರಲಿಲ್ಲ.

ಮರುದಿನವೇ ಅಂಗಡಿಯಿಂದ ಚಿಲಕ ತಂದು ನಾನೇ ಸ್ಕ್ರೂ ತಿರುಗಿಸಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಒಳಗೆ ಹೋಗಿ ಚಿಲಕ ಜಡಿದು, ಬಾಯಿ ಮುಚ್ಚಿಕೊಂಡು ನೀರು ಹುಯ್ದುಕೊಂಡೆ.

"ಒಂದ್ಸಾಲು ಹಾಡೇ, ಸಾಕು," ಅಮ್ಮ ಹೊರಗಿನಿಂದ ಗೋಗರೆದಳು.

"ಇಲ್ಲಮ್ಮ. ಹಾಡಲ್ಲ."

ಸ್ವಲ್ಪ ಹೊತ್ತಿಗೆ ಬಾಗಿಲಾಚೆ ನಡುಗುವ ದನಿಯೊಂದು ಕೇಳಿತು. ತಡೆಯಲಾರದೆ ಅಮ್ಮನೇ ಹಾಡತೊಡಗಿದ್ದಳು. ಅಳು ಬಂತು. ಆದರೂ ಹಂಡೆಯ ನೀರು ಖಾಲಿಯಾಗುವವರೆಗೆ ನಾನು ಚಿಲಕ ತೆಗೆಯಲಿಲ್ಲ.