ನೀರು ಕೊಟ್ಟ ಕೊಕ್ಕೆ

ಚುಂಯ್ ಎಂದು ಕುಲುಮೆಯ ನೀರು ತುಂಬಿದ ಕಲ್ಲಿನ ದೋಣಿ ಕೂಗುತ್ತಿತ್ತು. ಕೆಂಪಗೆ ಕಾದ ಕುಂಟೆಯ ಅಲಗು, ಆ ಕುಡ, ನೀರಿಗೆ ಬಿದ್ದಾಗಲೆಲ್ಲ ಆ ಸದ್ದು ಕುಬಿಹಾಳದ ಅರ್ಧ ಊರಿಗೆ ಕೇಳುತ್ತಿತ್ತು. ಕಮ್ಮಾರ ಬಾಬಾಸಾಬ ಅದನ್ನು ಕಿವಿಯಿಂದಲೇ ಅಳೆಯುತ್ತಿದ್ದ. ಸದ್ದು ಮೊಟಕಾಗಿ ನಿಂತರೆ ಕಾವು ಸಾಲದು. ಉದ್ದಕ್ಕೆ ಎಳೆದು, ಅತ್ತು ಸಾಕಾದ ಕೂಸಿನಂತೆ ಸಣ್ಣಗಾದರೆ ಕುಡ ಗಟ್ಟಿಯಾಯಿತೆಂದು ಲೆಕ್ಕ. ಕಾದ ಕಬ್ಬಿಣವನ್ನು ಹೀಗೆ ತಟ್ಟನೆ ತಣಿಸಿ ಬಿರುಸು ಮಾಡುವುದಕ್ಕೆ ಅವನ ಮನೆಯವರು ‘ನೀರು ಕೊಡುವುದು’ ಎನ್ನುತ್ತಿದ್ದರು. ಅಜ್ಜ ಕೊಟ್ಟಿದ್ದ, ಅಪ್ಪ ಕೊಟ್ಟಿದ್ದ. ಎರೆ ಹೊಲದ ಹೆಂಟೆಗೆ ಬಡಿದೂ ಬಡಿದೂ ಮೊಂಡಾಗದ ಕುಡವೆಂದರೆ ಬಾಬಾಸಾಬನ ಕುಲುಮೆಯದೇ.

ಎಂಬತ್ತರ ಇಸವಿಯ ಈಚೆಗೆ ಅವನ ಕುಲುಮೆಗೆ ಬೇರೆ ಕಬ್ಬಿಣ ಬರತೊಡಗಿತು. ಊರಿನ ದೊಡ್ಡ ಹೊಲದ ಶಂಭುಲಿಂಗಪ್ಪ, ಮಿಲಿಟರಿಯವರು ಲಿಲಾವಿನಲ್ಲಿ ಮಾರಿದ ಹಳೆಯ ಲಾರಿಯೊಂದನ್ನು ತಂದ. ಮುಂದಿನ ಗಾಲಿಗಳೂ ಎಳೆಯುವ ಗಾಡಿ. ದಾರಿಯಿಲ್ಲದ ಕಡೆಗೂ ನುಗ್ಗುತ್ತಿತ್ತು. ಆದರೆ ಉತ್ತರಿ ಮಳೆ ಹಿಡಿದರೆ ಎರೆಮಣ್ಣಿಗೆ ಮಿಲಿಟರಿಯೂ ಒಂದೇ, ಚಕ್ಕಡಿಯೂ ಒಂದೇ. ಅಚ್ಚಿನ ತನಕ ಹೂತ ಲಾರಿಯ ಬಂಪರಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಜಗ್ಗಬೇಕು. ಜಗ್ಗಿದರೆ ಬಂಪರು ಬಿಲ್ಲಿನಂತೆ ಬಾಗುತ್ತಿತ್ತು. ಮರುದಿನ ಅದು ಕುಲುಮೆಯ ಮುಂದೆ. ಹೆಂಡತಿ ಖಾದರಬಿ ತಿದಿ ಒತ್ತುವಳು, ಜಾಲಿಯ ಇದ್ದಿಲು ಕೆಂಡವಾಗುವುದು, ಅವನು ಬಡಿದು ನೆಟ್ಟಗೆ ಮಾಡುವನು. ಕೊನೆಗೆ ಬೇಸತ್ತು ಬಂಪರಿನ ಬೆನ್ನಿಗೆ ರೈಲುಕಂಬಿಯ ತುಂಡೊಂದನ್ನು ಕೊಟ್ಟು ಬೋಲ್ಟು ಬಿಗಿದ. ಬಂಪರು ಬಾಗುವುದು ನಿಂತಿತು. ಆಗ ಸರಪಳಿ ಸಿಕ್ಕಿಸುವ ಅದರ ಕೊಕ್ಕೆ ಜಗ್ಗಿದಾಗಲೆಲ್ಲ ಹಿಗ್ಗಿ ಬಾಯಿ ಬಿಡತೊಡಗಿತು.

“ಏನಪಾ ಬಾಬಾಸಾಬ, ಇದು ಕಬ್ಬಿಣದ್ದೋ, ಕಡಬಿನ ಕಣಕದ್ದೋ?” ಎಂದು ಲಾರಿಯ ಡ್ರೈವರ್ ಹನಮಂತಪ್ಪ ಕಾಡಿದ. “ಒಂದ್ ಮಳಿ ಬಿತ್ತಂದ್ರ ಬಾಯಿ ತಗದು ಆಕಳಸ್ತೈತಿ.”

“ನೀ ಗಾಡಿ ಹೊಡಿಯೂದು ನೋಡಿದ್ರ ನನಗೂ ಆಕಳಿಕಿ ಬರ್ತಾವ ಬಿಡಪಾ.”

ಕುಲುಮೆಯ ಮುಂದೆ ಕೂತವರೆಲ್ಲ ನಕ್ಕರು. ಆದರೂ ಆ ಮಾತು ಬಾಬಾಸಾಬನಿಗೆ ಎಲ್ಲೋ ನಾಟಿತು. ಲಾರಿಯದೇ ಮುರಿದ ಸ್ಪ್ರಿಂಗಿನ ಉಕ್ಕಿನ ಪಟ್ಟಿಯನ್ನು ಕಾಯಿಸಿ, ಮಡಿಚಿ, ಹೆಬ್ಬೆರಳಿಗಿಂತ ದಪ್ಪನೆಯ ಹೊಸ ಕೊಕ್ಕೆ ಮಾಡಿದ. ಮಾಡಿದವನೇ, ಕೈಗೆ ಬಂದ ರೂಢಿಯಂತೆ, ಎತ್ತಿ ದೋಣಿಗೆ ಹಾಕಿದ. ಸದ್ದು ಉದ್ದಕ್ಕೆ ಎಳೆಯಿತು.

“ಛಲೋ ಕೂಗ್ತು,” ಎಂದಳು ಖಾದರಬಿ, ತಿದಿ ಬಿಟ್ಟು ಬೆವರೊರೆಸಿಕೊಳ್ಳುತ್ತ.

ಆ ಮಳೆಗಾಲವೆಲ್ಲ ಕೊಕ್ಕೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಅದನ್ನು ಕಂಡು ಕೆಳಗಿನ ಓಣಿಯ ಹೊಳೆಪ್ಪ ತನ್ನ ಲಾರಿಗೂ ಅಂಥದನ್ನೇ ಮಾಡಿಸಿಕೊಂಡ. ಬಾಬಾಸಾಬ ಅದಕ್ಕೂ ನೀರು ಕೊಟ್ಟ. ಸಂತೆಗೆ ಹೋದರೆ ಜನ ಅವನನ್ನು ಕರೆದು ಚಹಾ ಕುಡಿಸುವಂತಾಯಿತು.

ಮರುವರ್ಷದ ಉತ್ತರಿ ಮಳೆಗೆ ಕಿತ್ತ ಉಳ್ಳಾಗಡ್ಡಿ ಹೊಲದಲ್ಲೇ ತೊಯ್ಯುತ್ತ ಬಿದ್ದಿತ್ತು. ತುಂಬಲು ಹೋದ ಶಂಭುಲಿಂಗಪ್ಪನ ಲಾರಿ ಹೂತಿತು. ಆಳುಮಗ ಮಡಿವಾಳೆಪ್ಪ ಕೊಕ್ಕೆಗೆ ಸರಪಳಿ ಸಿಕ್ಕಿಸಿ, ಪ್ರತಿ ಸಲದಂತೆ ಅಲ್ಲೇ ಬಾಜುಕ್ಕೆ ನಿಂತು ಕೈ ಬೀಸಿದ. ಹನಮಂತಪ್ಪ ಟ್ರ್ಯಾಕ್ಟರು ಹತ್ತಿ ಜಗ್ಗಿದ. ಬಂದೂಕು ಹಾರಿದಂತಾಯಿತು. ಸರಪಳಿ ಸಡಿಲಾಗಿ ಕೆಸರಿಗೆ ಬಿತ್ತು. ಮುರಿದು ಹಾರಿದ ಕೊಕ್ಕೆಯ ತುಂಡು ಮಡಿವಾಳೆಪ್ಪನ ಎದೆಯೊಳಗಿತ್ತು. ಆಸ್ಪತ್ರೆಗೆಂದು ಅವನನ್ನು ಹೊತ್ತ ಚಕ್ಕಡಿ ಕುಂದಗೋಳದ ದಾರಿ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

ಮರುದಿನ ಬೆಳಿಗ್ಗೆ ಮಣ್ಣು ಮಾಡಿ ಬಂದವರು ನೇರ ಕುಲುಮೆಗೆ ಬಂದರು. ಬಿಚ್ಚಿ ತಂದ ಬಂಪರು ಕಟ್ಟೆಗೆ ಒರಗಿತ್ತು; ಅದಕ್ಕೊಂದು ತರಚು ಗಾಯವೂ ಆಗಿರಲಿಲ್ಲ. ಹನಮಂತಪ್ಪ ದೂರದಲ್ಲಿ ತಲೆಗೆ ಟವೆಲ್ಲು ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದ.

ಬಾಬಾಸಾಬ ಬಂಪರಿನಲ್ಲಿ ಉಳಿದ ಕೊಕ್ಕೆಯ ಬುಡವನ್ನು ಬೆರಳಿನಿಂದ ಸವರಿದ. ಹಿಗ್ಗಿಲ್ಲ, ಎಳೆ ಬಿಟ್ಟಿಲ್ಲ. ಮುರಿದ ಬಾಯಲ್ಲಿ ಸಕ್ಕರೆಯಂಥ ಬಿಳಿ ಕಾಳು ಮಿನುಗುತ್ತಿತ್ತು. ಇಂಥ ಮುರುಕು ಅವನಿಗೆ ಹೊಸದಲ್ಲ. ಹೊಲದಲ್ಲಿ ಕಲ್ಲಿಗೆ ತಾಗಿ ಒಡೆದ ಕುಡಗಳಲ್ಲಿ ಅದೇ ಕಾಳು. ಕುಡ ಮುರಿದರೆ ರೈತ ಬೈದು ಇನ್ನೊಂದು ಮಾಡಿಸುತ್ತಾನೆ. ಕುಡದ ಮುಂದೆ ಮನುಷ್ಯ ನಿಂತಿರುವುದಿಲ್ಲ. ಮೊದಲಿನ ಮೆತ್ತನೆಯ ಕೊಕ್ಕೆ ಬಾಯಿ ಬಿಟ್ಟಾದರೂ ‘ಸಾಕು’ ಎನ್ನುತ್ತಿತ್ತು.

“ನಿನ್ನ ಕೆಲಸದಾಗ ಖೋಡಿಲ್ಲ ಬಾಬಾಸಾಬ,” ಎಂದ ಶಂಭುಲಿಂಗಪ್ಪ. “ಈ ಮಗ ಒಮ್ಮಿಗೇ ಜಗ್ಗಿ ಝಟ್ಕಾ ಹೊಡದ. ಇವತ್ತಿಂದ ಇವನ್ನ ಗಾಡಿ ಹತ್ತಗೊಡೂದಿಲ್ಲ. ನೀ ಇನ್ನೊಂದು ಕೊಕ್ಕಿ ಮಾಡು, ಹಿಂಗ ಬಿರಸಂದು. ಉಳ್ಳಾಗಡ್ಡಿ ಕೊಳ್ಯಾಕತ್ತಾವು.”

“ಝಟ್ಕಾ ಹೊಡದದ್ದು ಖರೇನ್ರಿ,” ಎಂದ ಹನಮಂತಪ್ಪ, ತಲೆ ಎತ್ತದೆ.

“ದಿನಾ ಹೊಡೀತಿದ್ದೆಲ್ಲೋ,” ಎಂದ ಬಾಬಾಸಾಬ. ಆಮೇಲೆ ಶಂಭುಲಿಂಗಪ್ಪನತ್ತ ತಿರುಗಿದ. “ಸಾವಕಾರ್ರ, ಇದು ಜಗ್ಗಿ ಹರದದ್ದಲ್ರಿ. ಗಾಜಿನಂಗ ಒಡದೈತಿ. ನೀರು ಕುಡದ ಕಬ್ಬಿಣ ಬಾಗೂದಿಲ್ಲ, ಒಡೀತೈತಿ; ಇದಕ್ಕ ನೀರು ಕೊಡಬಾರದಿತ್ತು. ಕೊಟ್ಟಾಂವ ನಾನು.”

“ಲೇ, ಸುಮ್ನಿರು! ನಾಳೆ ಪೊಲೀಸರು ಬಂದ್ರ ಅವರ ಮುಂದ ಹಿಂಗ ಬಡಬಡಿಸಬ್ಯಾಡ.”

ಖಾದರಬಿ ತಿದಿಯ ಬಳಿ ಕೂತಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಬಾಸಾಬ ಅವಳತ್ತ ನೋಡಲಿಲ್ಲ.

“ಹೊಳೆಪ್ಪನ ಲಾರಿ ಎಲ್ಲೈತ್ರಿ?”

“ಅದ್ಯಾಕ ಬೇಕು ಈಗ? ಹಳ್ಳದ ದಂಡಿ ಹೊಲದಾಗ ಸಿಕ್ಕೊಂಡೈತಂತ. ಟ್ರ್ಯಾಕ್ಟರು ಹೋಗೇತಿ ಜಗ್ಗಾಕ. ನೀ ಮದಲ ನಂದು ನೋಡು. ಮಡಿವಾಳನ ಹೇಂತಿಗೆ ಏನರ ಮಾಡೂಣು, ನಾಕು ಮಂದಿ ಕುಂತು ಮಾತಾಡೂಣು. ನಿನ್ನ ಹೆಸರು ಎಲ್ಲೂ ಬರಲಾರದಂಗ…”

ಬಾಬಾಸಾಬ ಎದ್ದ. ಮೂಲೆಯ ದೊಡ್ಡ ಸುತ್ತಿಗೆಯನ್ನು ಹೆಗಲಿಗೇರಿಸಿದ. ಹೊಳೆಪ್ಪನ ಕೊಕ್ಕೆಗೆ ಸರಪಳಿ ಬೀಳುವ ಮೊದಲೇ ಅದನ್ನು ಒಡೆಯಬೇಕಿತ್ತು.

“ಎಲ್ಲಿಗ್ಹೊಂಟಿ? ನಾ ಮಾತಾಡಾಕತ್ತೀನಿ ಇಲ್ಲಿ. ಏ ಬಾಬಾಸಾಬ, ಪೊಲೀಸರಿಗೆ ಏನಂತ ಹೇಳೂದು ಅದನ್ನರ…”

ಅವನು ಆಗಲೇ ಬರಿಗಾಲಲ್ಲಿ ಕೆಸರಿಗಿಳಿದಿದ್ದ. ಹೆಜ್ಜೆಹೆಜ್ಜೆಗೂ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಭಾರವಾಗುತ್ತಿತ್ತು. ಹಳ್ಳದ ಕಡೆಯಿಂದ ಟ್ರ್ಯಾಕ್ಟರಿನ ಹೊಗೆ ಏಳುವುದು ಕಂಡಿತು. ಅವನು ನಡಿಗೆ ಬಿರುಸುಗೊಳಿಸಿದ.