ರೊಟ್ಟಿ ಒಲೆಯ ಮುಂದಿನ ಚಪ್ಪಲಿ

ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಭಾಗವ್ವನವರ ರೊಟ್ಟಿ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲಾಚೆ ಶೂ, ಚಪ್ಪಲಿಗಳ ರಾಶಿ ಬಿದ್ದಿದ್ದರೆ ಅದೇ. ಮುಂದಿನ ಕೋಣೆಯಲ್ಲಿ ರೊಟ್ಟಿ ಒಲೆ, ಹಿಂದಿನ ಕೋಣೆಗಳಲ್ಲಿ ಸಂಸಾರ. ಗಾರ್ಮೆಂಟ್ಸ್ ಹುಡುಗಿಯರಾಗಲಿ, ಊಟ ತಲುಪಿಸುವ ಬೈಕ್ ಹುಡುಗರಾಗಲಿ, ಕಾಲು ಬರಿದು ಮಾಡಿಕೊಂಡೇ ಹೊಸ್ತಿಲು ದಾಟಬೇಕು. ಒಂದು ಸಲ ಒಬ್ಬ ಹುಡುಗ ಶೂ ಬಿಚ್ಚಲು ಬೇಜಾರಾಗಿ ಒಂದೇ ಕಾಲು ಒಳಗಿಟ್ಟು ಕೈ ಚಾಚಿದ್ದಕ್ಕೆ, ಕಟ್ಟಿಟ್ಟ ರೊಟ್ಟಿಯನ್ನು ಭಾಗವ್ವ ಬಿಚ್ಚಿ ವಾಪಸ್ ಬುಟ್ಟಿಗೆ ಹಾಕಿದ್ದರು. ಬೈಯಲಿಲ್ಲ, ಮುಖ ಕೂಡ ನೋಡಲಿಲ್ಲ. ಮುಂದಿನ ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು ಅಷ್ಟೇ.

ಬಾದಾಮಿ ಕಡೆಯಿಂದ ಗಂಡನ ಜೊತೆ ಬಂದಾಗ ಮಗ ವೀರೇಶ ಇನ್ನೂ ಅಂಬೆಗಾಲಿಡುತ್ತಿದ್ದ. ಗಂಡ ಲೇತ್ ವರ್ಕ್‌ಶಾಪಿಗೆ ಸೇರಿದರು. ಭಾಗವ್ವ ಮೊದಲು ಅಕ್ಕಪಕ್ಕದವರಿಗೆ, ಆಮೇಲೆ ಖಾನಾವಳಿಗೆ, ಗಂಡ ತೀರಿಹೋದಮೇಲೆ ಇಡೀ ಏರಿಯಾಕ್ಕೆ ರೊಟ್ಟಿ ಬಡಿದರು. ನೆಲದ ಮೇಲೆ ಮಣೆ ಹಾಕಿಕೊಂಡು, ಒಂದು ಕಾಲು ಮಡಚಿ, ಇನ್ನೊಂದು ಚಾಚಿ. ಹಾಗೆ ಕೂತು ಕೂತೇ ಮೊಣಕಾಲುಗಳು ಸವೆದು, ಬರಬರುತ್ತಾ ಕಾಲುಗಳೆರಡೂ ಬಿಲ್ಲಿನ ಹಾಗೆ ಹೊರಗೆ ಬಾಗಿದವು. ಬಸವೇಶ್ವರನಗರದಿಂದ ಸೊಸೆಯಾಗಿ ಬಂದ ಚೇತನಾ, ಅತ್ತೆ ಹುಟ್ಟಿದಾಗಿನಿಂದ ಹೀಗೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ನಡೆಯುವವರೇನೋ ಅಂದುಕೊಂಡಿದ್ದಳು.

ಬಲ ಮೊಣಕಾಲು ಬದಲಾಯಿಸೋಣ ಎಂದು ಹಟ ಹಿಡಿದವಳೂ ಅವಳೇ. ಆಪರೇಷನ್ ಚೆನ್ನಾಗಿಯೇ ಆಯಿತು. ಹೊಲಿಗೆ ಒಣಗಿತು, ಮೊಣಕಾಲು ಮಡಚಿತು, ವಾಕರ್ ಮೂಲೆ ಸೇರಿತು. ಎಡಗಾಲಿನದನ್ನು ಆರು ತಿಂಗಳ ಮೇಲೆ ನೋಡೋಣ ಎಂದರು ಡಾಕ್ಟರು. ನೆಲದ ಮೇಲೆ ಇನ್ನು ಕೂರುವಂತಿರಲಿಲ್ಲವಾಗಿ ವೀರೇಶ ಸೊಂಟದೆತ್ತರಕ್ಕೆ ಗ್ರಾನೈಟ್ ಕಟ್ಟೆ ಕಟ್ಟಿಸಿ, ಒಲೆಯನ್ನೂ ಮೇಲೆ ಏರಿಸಿಕೊಟ್ಟ. ಎತ್ತರದ ಸ್ಟೂಲೂ ತಂದ. ಕೂತರೆ ಕೈಗೆ ಭಾರ ಬರುವುದಿಲ್ಲ, ರೊಟ್ಟಿ ತೆಳ್ಳಗಾಗುವುದಿಲ್ಲ ಎಂದು ಭಾಗವ್ವ ನಿಂತೇ ಬಡಿಯತೊಡಗಿದರು.

ಪಾದದ ಕಾಟ ಶುರುವಾದದ್ದು ಆಮೇಲೆ. ಬೆಳಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಸಂಜೆಯ ಹೊತ್ತಿಗೆ ಅಂಗಾಲು ಉರಿ, ಪಾದ ಊದಿ ಹರಡಿನ ಮೂಳೆಯೇ ಕಾಣುತ್ತಿರಲಿಲ್ಲ. ಚೇತನಾಳಿಗೆ ಜೀವ ಬಾಯಿಗೆ ಬಂತು. ಮಗಳು ನೀಲುವಿಗೆ ತುತ್ತು ಕೊಡುತ್ತಲೇ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಮೊಣಕಾಲಿನ ಆಪರೇಷನ್ ಆದವರ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಏನೇನಾಗುತ್ತದೆ ಎಂದು ಓದಿದಳು. ಓದಿದ್ದೆಲ್ಲ ಅತ್ತೆಗೆ ಆಗಿಯೇ ಹೋಗಿದೆ ಅನ್ನಿಸಿತು. ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ಅವಳ ಕೈಗೆ ಈಗ ಇನ್ನೊಂದು ಕೆಲಸ ಸಿಕ್ಕಿತು. ಊದಿದ ಜಾಗ ಬೆರಳಿನಿಂದ ಒತ್ತಿ, ಬಿದ್ದ ಗುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ಕಾಯುವುದು. ಹಿಟ್ಟು ನಾದಿದ್ದು ಹದ ಬಂದೇತೇನು ಅಂತ ನೋಡಿದಂಗ ನೋಡ್ತಾಳ ನೋಡು ಎಂದು ಭಾಗವ್ವ ನಕ್ಕರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ರಕ್ತ ಸರಿಯಾಗಿ ಹರಿಯುತ್ತಿದೆ, ನಂಜೇನೂ ಆಗಿಲ್ಲ ಎಂದರು. ಮೊಣಕಾಲಂತೂ ಬಹಳ ಚೆನ್ನಾಗಿದೆ, ಪಾದಕ್ಕೆ ಫಿಸಿಯೋಥೆರಪಿ ಮಾಡಿಸಿ ಎಂದರು. ವಿಜಯನಗರದ ಫಿಸಿಯೋ ಶುಭಾ ಮೊದಲು ಕೇಳಿದ್ದು ಆಪರೇಷನ್‌ಗೆ ಮುಂಚೆ ಹಾಕುತ್ತಿದ್ದ ಹಳೇ ಚಪ್ಪಲಿಯನ್ನು. ಮಗುಚಿ ನೋಡಿದರೆ ಎರಡರ ಹೊರ ಅಂಚೂ ಸವೆದು ಹಾಳೆಯ ಹಾಗೆ ತೆಳ್ಳಗಾಗಿತ್ತು. ಕಾಲು ಬಾಗಿದ್ದಷ್ಟು ವರ್ಷವೂ ಇವರು ಪಾದದ ಹೊರ ಅಂಚಿನ ಮೇಲೇ ನಡೆದಿದ್ದಾರೆ, ಈಗ ಬಲ ಮೊಣಕಾಲು ನೆಟ್ಟಗಾಗಿ ಪಾದ ಒಮ್ಮೆಲೇ ಅಗಲವಾಗಿ ನೆಲಕ್ಕೆ ಬೀಳುತ್ತಿದೆ, ಅಷ್ಟು ಭಾರ ಹೊತ್ತು ಅಭ್ಯಾಸವಿಲ್ಲದ ಒಳಮಗ್ಗುಲು ನೋಯುತ್ತಿದೆ ಎಂದು ಶುಭಾ ಬಿಡಿಸಿ ಹೇಳಿದರು. ತಣ್ಣನೆಯ ನೀರಿನ ಬಾಟಲಿಯನ್ನು ಅಂಗಾಲ ಕೆಳಗೆ ಉರುಳಿಸಬೇಕು, ಟವೆಲ್ಲಿನಿಂದ ಪಾದ ಎಳೆದು ಹಿಡಿಯಬೇಕು, ಸಂಜೆ ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯೊಳಗೂ ಮೆತ್ತನೆಯ ದಪ್ಪ ಚಪ್ಪಲಿ. ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಲ್ಲಲೇಬಾರದು. ಭಾಗವ್ವ ಎಲ್ಲದಕ್ಕೂ ತಲೆಯಾಡಿಸಿದರು. ದಾರಿಯಲ್ಲೇ ಚಪ್ಪಲಿ ಕೊಂಡದ್ದಾಯಿತು, ನೀಲಿ ಬಣ್ಣದ್ದು, ಒಳಗೆ ಪಾದದ ಕಮಾನಿಗೆ ಆಸರೆ ಇದ್ದದ್ದು.

ಬಾಟಲಿ, ಟವೆಲ್ಲು, ದಿಂಬು ಯಾವುದನ್ನೂ ಭಾಗವ್ವ ತಪ್ಪಿಸಲಿಲ್ಲ. ಅಜ್ಜಿ ಬಾಟಲಿ ಉರುಳಿಸಿದರೆ ಪಕ್ಕದಲ್ಲಿ ನೀಲು ತನ್ನ ಹಾಲಿನ ಬಾಟಲಿ ಉರುಳಿಸುತ್ತಿದ್ದಳು. ಆದರೂ ನೋವು ಇಳಿಯಲಿಲ್ಲ. ಮತ್ತೆ ಹೋದಾಗ, ಮನೆಯಲ್ಲಿ ಚಪ್ಪಲಿ ಹಾಕುತ್ತಿದ್ದೀರಾ ಎಂದು ಶುಭಾ ಕೇಳಿದರೆ, ಹಾಕ್ಕೋತೀನ್ರಿ ಎಂದರು ಭಾಗವ್ವ. ಚೇತನಾಳೂ ಹೌದೆಂದಳು, ಮಂಚದ ಪಕ್ಕ ಅತ್ತೆಯ ಪಾದ ನೀಲಿ ಚಪ್ಪಲಿಯಲ್ಲಿ ಇರುವುದನ್ನು ದಿನಾ ನೋಡಿದ್ದಳು. ಹಾಗಿದ್ದೂ ಕಡಿಮೆಯಾಗದಿದ್ದರೆ ನಿಂತು ಮಾಡುವ ಕೆಲಸ ಪೂರ್ತಿ ಬಿಡಬೇಕಾಗುತ್ತದೆ, ಎಡಗಾಲಿನ ಆಪರೇಷನ್ನೂ ಮುಂದಕ್ಕೆ ಹಾಕಬೇಕು ಎಂದರು ಶುಭಾ.

ಆಟೋ ಮಾಗಡಿ ರೋಡು ದಾಟಿತು. ಭಾಗವ್ವ ಹೊರಗೆ ನೋಡುತ್ತಲೇ ಅಂದರು:

"ಆ ಡೊಂಕ ಕಾಲ ಚಲೋ ಇತ್ತವಾ. ನೂಸತಿತ್ತು, ಆದ್ರ ನಂದಿತ್ತು. ಇದು ಯಾರದೋ ಕಾಲ ತಂದು ಹಚ್ಚಿದಂಗ ಆಗೇತಿ."

ತಾನು ಹಟ ಹಿಡಿಯದಿದ್ದರೆ ಅತ್ತೆ ವಾಲುತ್ತಾ ಆದರೂ ಒಲೆಯ ಮುಂದೆ ಇರುತ್ತಿದ್ದರು ಎಂದುಕೊಂಡಳು ಚೇತನಾ.

ಆ ವಾರ ಒಲೆ ಲಕ್ಷ್ಮವ್ವನ ಕೈಗೆ ಹೋಯಿತು. ಲಗ್ಗೆರೆಯಿಂದ ಬರುವ ಆಕೆ ಭಾಗವ್ವನ ಜೊತೆ ಕೆಲಸ ಮಾಡುತ್ತಾ ವರ್ಷಗಳಾಗಿದ್ದವು, ಆದರೆ ಆಕೆಯ ರೊಟ್ಟಿ ಅಂಚಿನಲ್ಲಿ ದಪ್ಪ. ಬಂದವರೆಲ್ಲ ಅಮ್ಮ ಇಲ್ವಾ, ಅಮ್ಮನಿಗೆ ಏನಾಯ್ತು ಎಂದು ಕೇಳುವುದು ಒಳಕೋಣೆಗೂ ಕೇಳಿಸುತ್ತಿತ್ತು. ಭಾಗವ್ವ ದಿಂಬಿನ ಮೇಲೆ ಕಾಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ನೋಡಿ ಮೆಲ್ಲಗೆ ಎದ್ದು ಹೋಗಿ ನಾಲ್ಕು ರೊಟ್ಟಿ ಬಡಿದು ಬರುತ್ತಿದ್ದರು.

ನಿಜ ಬಯಲು ಮಾಡಿದವಳು ನೀಲು. ಅಜ್ಜಿಯ ಚಪ್ಪಲಿಗೆ ಎರಡೂ ಕಾಲು ತೂರಿಸಿಕೊಂಡು ನಡುಮನೆಯಲ್ಲಿ ಹೆಜ್ಜೆ ಹಾಕಹೋಗಿ ಧೊಪ್ಪನೆ ಬಿದ್ದಳು. ತಲೆಗೆ ಏಟಾಯಿತೋ ಏನೋ ಎಂದು ಚೇತನಾ ಓಡಿ ಬಂದು ಎತ್ತಿಕೊಂಡಳು. ಏಟಾಗಿರಲಿಲ್ಲ. ಮಗುಚಿ ಬಿದ್ದಿದ್ದ ಚಪ್ಪಲಿಯ ಅಡಿಯಲ್ಲಿ ಅಂಗಡಿಯ ಸ್ಟಿಕ್ಕರ್ ಹೊಚ್ಚ ಹೊಸದರ ಹಾಗೆ ಅಂಟಿಕೊಂಡಿತ್ತು. ಒಂದು ಅಕ್ಷರವೂ ಅಳಿಸಿರಲಿಲ್ಲ.

ಚೇತನಾ ಚಪ್ಪಲಿ ಹಿಡಿದುಕೊಂಡೇ ಒಳಗೆ ಹೋದಳು.

"ಅತ್ತೆ, ಇದನ್ನ ಹಾಕ್ಕೊಂಡು ಒಂದ್ ಹೆಜ್ಜೆನೂ ನಡೆದಿಲ್ಲ ನೀವು."

"ಕುಂತಾಗ ಹಾಕ್ಕೋತೀನಲ್ಲ."

"ಕೂತಾಗ ಯಾಕತ್ತೆ ಬೇಕು? ನಿಂತ್ಕೊಂಡಾಗ ತಾನೇ ಬೇಕಿರೋದು?"

"ನಿಂದರೂದು ಒಲಿ ಮುಂದ." ಭಾಗವ್ವ ದನಿ ಏರಿಸಲಿಲ್ಲ. "ಹಿಟ್ಟು ಮುಟ್ಟೂ ಮುಂದ ಒಲಿಗಿ ಕೈ ಮುಗಿಯೂ ಮಂದಿ ನಾವು. ಎಷ್ಟ್ ಹುಡುಗೂರ್ನ ಬಾಗಲದಾಗ ನಿಲ್ಲಿಸೀನಿ. ಈಗ ನಾನಽ ಚಪ್ಪಲ್ ಮೆಟ್ಟಿ ನಿಂದ್ರಲೇನು?"

ಹೆದರಿಕೆಯೆಲ್ಲ ಚೇತನಾಳಿಗೆ ಸಿಟ್ಟಾಗಿ ಹೊರಬಂತು.

"ಮೊಣಕಾಲೊಳಗೆ ಇರೋದೂ ಲೋಹ, ಪ್ಲಾಸ್ಟಿಕ್ಕೇ ಅಲ್ವಾ? ದಿನಾ ಅದನ್ನ ಇಟ್ಕೊಂಡೇ ಒಲೆ ಮುಂದೆ ನಿಂತ್ಕೋತೀರಾ. ಅದನ್ನ ಹೊಸ್ತಿಲಲ್ಲಿ ಬಿಚ್ಚಿಟ್ಟು ಬರ್ತೀರಾ?"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಭಾಗವ್ವ ಸೀರೆಯ ಅಂಚು ಸರಿಸಿ ಮೊಣಕಾಲಿನ ಗಾಯದ ಗೆರೆಯ ಮೇಲೆ ಕೈಯಾಡಿಸಿದರು. ಅಂದು ಅರ್ಧ ರೊಟ್ಟಿ ಉಂಡು ಎದ್ದರು. ವೀರೇಶ ಬಂದವನು, ಅತ್ತೆ ಸೊಸೆ ಇಬ್ಬರೂ ಇಷ್ಟು ಸುಮ್ಮನಿರುವುದನ್ನು ಮದುವೆಯಾದಾಗಿನಿಂದ ನೋಡಿಲ್ಲ ಎಂದ.

ಮರುದಿನ ಬಟ್ಟೆ ಒಣಹಾಕಲು ಮಹಡಿಗೆ ಹೋದ ಚೇತನಾಳಿಗೆ ನೀಲಿ ಚಪ್ಪಲಿ ಮೋಟುಗೋಡೆಯ ಮೇಲೆ ಕಂಡಿತು. ಅತ್ತೆ ಎಸೆದೇಬಿಟ್ಟರು ಎಂದುಕೊಂಡಳು. ಹತ್ತಿರ ಹೋದರೆ ಸೀಗೆಪುಡಿಯ ವಾಸನೆ. ಅಡಿಯ ಸ್ಟಿಕ್ಕರ್ ಕಿತ್ತುಹೋಗುವಷ್ಟು ತಿಕ್ಕಿ ತೊಳೆದು, ಬಿಸಿಲಿಗೆ ಮುಖ ಮಾಡಿ ಇಟ್ಟಿದ್ದರು.

ಅದು ಒಣಗಿದ ಮೇಲೆ ಭಾಗವ್ವ ವಿಭೂತಿ ಹಚ್ಚಿಕೊಂಡು, ಯಾವಾಗಿನ ಹಾಗೆ ಬರಿಗಾಲಲ್ಲೇ ಹೋಗಿ ಒಲೆಗೆ ಕೈ ಮುಗಿದರು. ಆಮೇಲೆ ಚಪ್ಪಲಿಯನ್ನು ಕಟ್ಟೆಯ ಮುಂದೆ ನೆಲಕ್ಕಿಟ್ಟು ಒಂದೊಂದೇ ಪಾದ ಒಳಗೆ ತೂರಿಸಿದರು. ಲಕ್ಷ್ಮವ್ವನ ಕೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು.

"ಅಕ್ಕಾರು ಚಪ್ಪಲ್ ಮೆಟ್ಟಿ ಊರ ಗೌಡಸಾನಿ ಆದ್ರಲ್ಲ," ಎಂದಳು.

"ಹೂನವಾ. ಗೌಡಸಾನಿಗಿ ಹಿಟ್ಟು ಕೊಡು," ಎಂದರು ಭಾಗವ್ವ.

ಈ ಜೋಡಿ ರೊಟ್ಟಿ ಕೋಣೆ ಬಿಟ್ಟು ಹೊರಗೆ ಬರಕೂಡದು, ಹೊರಗಿನ ಧೂಳು ಕಾಣಕೂಡದು ಎಂಬ ಕಟ್ಟಳೆಯನ್ನೂ ಅವರೇ ಹಾಕಿದರು. ಹಾಗಾಗಿ ಒಲೆಯ ಮುಂದೆ ಚಪ್ಪಲಿ, ಉಳಿದ ಮನೆಯಲ್ಲೆಲ್ಲ ಬರಿಗಾಲು. ಹಿಂದಿನ ಕೋಣೆಯ ಟೈಲ್ಸ್ ಇನ್ನೂ ತಣ್ಣಗಿರುತ್ತದಲ್ಲ ಎಂದು ಚೇತನಾಳಿಗೆ ಹೊಸ ಚಿಂತೆ ಹತ್ತಿತು. ಇನ್ನೊಂದು ಜೋಡಿ ತಂದಳು. ಈಗ ಭಾಗವ್ವ ನಡುಬಾಗಿಲಲ್ಲಿ ಒಂದು ಜೋಡಿ ಬಿಟ್ಟು ಇನ್ನೊಂದು ಮೆಟ್ಟುತ್ತಾರೆ. ನಡುನಡುವೆ ಸ್ಟೂಲಿನ ಮೇಲೆ ಕೂತು ಕಾಲಿಗೆ ಬಿಡುವು ಕೊಡುವುದನ್ನೂ ಕಲಿತಿದ್ದಾರೆ, ಕೂತಾಗ ಬಡಿಯುವುದಿಲ್ಲ, ಬೇಯಿಸುತ್ತಾರೆ.

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಉರಿ ಕಡಿಮೆಯಾಯಿತು, ಆಮೇಲೆ ಊತ. ಬೆಳಗಿನ ಮೊದಲ ಹೆಜ್ಜೆ ಈಗಲೂ ಚುಚ್ಚುತ್ತದೆ, ಅದಕ್ಕೆ ಮಂಚದಲ್ಲೇ ಟವೆಲ್ ಎಳೆದು ಇಳಿಯುತ್ತಾರೆ. ಎಡಗಾಲಿನ ಮಾತೆತ್ತಿದರೆ ಕಾರಹುಣ್ಣಿಮೆ ಆಗಲಿ ಅನ್ನುತ್ತಾರೆ. ಬೇಡ ಅನ್ನುವುದಿಲ್ಲ.

ಮೊನ್ನೆ ಆ ಶೂ ಹುಡುಗ ಮತ್ತೆ ಬಂದ. ಹೊಸ್ತಿಲಲ್ಲಿ ನಿಂತು ಒಲೆಯ ಕೆಳಗೆ ಕಣ್ಣು ಹಾಯಿಸಿದ, ಹಲ್ಲು ಕಿರಿದು ಒಂದು ಕಾಲು ಒಳಗಿಟ್ಟ.

"ಅಮ್ಮ, ನೀವೇ ಹಾಕ್ಕೊಂಡಿದೀರಲ್ಲ."

ಲಕ್ಷ್ಮವ್ವ ಭಾಗವ್ವನ ಮುಖ ನೋಡಿದಳು. ಒಳಗಿನಿಂದ ಚೇತನಾ, ಅತ್ತೆ ಈಗ ಚಪ್ಪಲಿ ಬಿಚ್ಚಿಟ್ಟುಬಿಟ್ಟರೆ ಎಂದು ಹೆದರಿ ನಡುಬಾಗಿಲಿಗೆ ಬಂದಳು. ಭಾಗವ್ವ ರೊಟ್ಟಿ ತಿರುವಿ ಹಾಕಿದರು.

"ನಿನ್ನ ಮೊಳಕಾಲ ಡಾಕ್ಟರ್ ಬದಲಿ ಮಾಡ್ಯಾರೇನೋ ತಮ್ಮಾ? ಮಾಡಿಸ್ಕೊಂಡು ಬಾ, ನಿನಗೂ ಒಂದ್ ಜೋಡಿ ತೊಳದಿಡ್ತೀನಿ. ಈಗ ಬಿಚ್ಚು."

ಹುಡುಗ ಕಾಲು ಹಿಂದಕ್ಕೆಳೆದು ಬಗ್ಗಿ ಲೇಸು ಬಿಚ್ಚತೊಡಗಿದ. ಅವನ ಪೊಟ್ಟಣಕ್ಕೆ ಭಾಗವ್ವ ಒಂದು ಬಿಸಿ ರೊಟ್ಟಿ ಹೆಚ್ಚಿಗೆ ಇಟ್ಟು ಕಾಗದ ಮಡಚಿದರು.